ಅಪ್‌ಡೇಟ್: ಪಿಕಪ್‌ನ ಗೇರ್‌ಬಾಕ್ಸ್ ಕೆಟ್ಟಿರಲಿಲ್ಲ!

ಹೋದ ವಾರ ಕೇಳಿದ್ದೆ ಅಲ್ವಾ, ನನ್ನ ಡೀಸೆಲ್ ಪಿಕಪ್‌ನಲ್ಲಿ ಫಸ್ಟ್ ಗೇರ್ ಬೀಳ್ತಿಲ್ಲ, ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ ಅಂತ. ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸೋಣ ಎಂದಿದ್ದರು.

ನಿಮ್ಮಲ್ಲೊಬ್ಬರು ಹೇಳಿದಂತೆ ಮೊದಲು ಇಂಜಿನ್ ಆಫ್ ಮಾಡಿ ನೋಡಿದೆ. ಎಲ್ಲಾ ಗೇರ್ ಬೆಣ್ಣೆಯಂತೆ ಬಿದ್ದವು. ಸ್ಟಾರ್ಟ್ ಮಾಡಿದರೆ ಮತ್ತೆ ಬಿಗಿ. ಕ್ಲಚ್ ಪೆಡಲನ್ನು ಮೂರ್ನಾಲ್ಕು ಸಲ ಪಂಪ್ ಮಾಡಿದರೆ ಸಲೀಸು! ಅಂದರೆ ಕ್ಲಚ್ ಇಂಜಿನ್‌ನಿಂದ ಗೇರ್‌ಬಾಕ್ಸನ್ನು ಪೂರ್ತಿ ಬಿಡಿಸುತ್ತಿರಲಿಲ್ಲ, ಅದಕ್ಕೆ ಬೇಕಾದ ಕ್ಲಚ್ ಎಣ್ಣೆಯ ಒತ್ತಡ ಸಾಲುತ್ತಿರಲಿಲ್ಲ.

ಗಾಡಿ ಕೆಳಗೆ ಮಲಗಿ ಸ್ಲೇವ್ ಸಿಲಿಂಡರ್‌ನ (ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ರಬ್ಬರ್ ಬೂಟ್, ಅಂದರೆ ಅದರ ಕವಚ ಸರಿಸಿದೆ. ಒಳಗೆ ಕಪ್ಪು ಎಣ್ಣೆ ಜಿನುಗಿ, ಧೂಳು ಸೇರಿ ಕೆಸರಾಗಿತ್ತು. ಹೊಸ ಸಿಲಿಂಡರ್ ಹಾಕಿಸಿ, ಹಳೇ ಎಣ್ಣೆ ಪೂರ್ತಿ ತೆಗೆಸಿದೆ. ತಮ್ಮ ಪೆಡಲ್ ಒತ್ತುತ್ತಿದ್ದ. ಎಣ್ಣೆ ಹೊರಬರುವ ಬಾಟಲಿಯಲ್ಲಿ ಗುಳ್ಳೆ ನಿಲ್ಲುವವರೆಗೂ ಬ್ಲೀಡ್ ಮಾಡಿದೆವು, ಅಂದರೆ ಒಳಗಿನ ಗಾಳಿ ತೆಗೆದೆವು. ಇದನ್ನು ಅರ್ಧಕ್ಕೆ ಬಿಡಬೇಡಿ. ಗಾಳಿ ಉಳಿದರೆ ಪೆಡಲ್ ಮೆತ್ತಗೇ ಇರುತ್ತದೆ.

ನಿನ್ನೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಮೆಕ್ಕೆಜೋಳದ ಲೋಡ್ ಹೊತ್ತು ಹೋದೆ. ಏರಿನಲ್ಲೂ ಇಂಜಿನ್ ಸುಮ್ನೆ ಕೂಗಲಿಲ್ಲ, ವೇಗ ಜೊತೆಗೇ ಏರಿತು. ಹಾಗಾಗಿ ಕ್ಲಚ್ ಪ್ಲೇಟ್ ಜಾರುತ್ತಿಲ್ಲ, ಸದ್ಯಕ್ಕೆ ಅದನ್ನು ಮುಟ್ಟಲ್ಲ. ನಿಮಗೆಲ್ಲ ತುಂಬಾ ಥ್ಯಾಂಕ್ಸ್.