ಸಹಾಯ ಬೇಕು: ರಷ್ಯನ್ ಮಾತಾಡುವವರಿಗೆ 'ಗೆಟ್' ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ರಷ್ಯನ್ ಮಾತಾಡುವ ಕೆಲವರಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಎಲ್ಲರೂ ಎ2 ಹಂತದವರು, ಅಂದರೆ ಸರಳ ಇಂಗ್ಲಿಷ್ ಅಷ್ಟೇ ಬಲ್ಲವರು. ಗ್ರಾಮರ್ ಪರವಾಗಿಲ್ಲ, 'ಗೆಟ್' ಬಂದರೆ ಮಾತ್ರ ಗಾಡಿ ನಿಂತುಬಿಡುತ್ತದೆ.

ಅವರಿಗೆ ಗೊತ್ತಿರುವ ಅರ್ಥ 'ಪಲುಚಾತ್', ಅಂದರೆ ಪಡೆಯುವುದು. ಪತ್ರಕ್ಕೆ, ಸಂಬಳಕ್ಕೆ ಅದು ಸರಿ. ಆದರೆ 'ಇಟ್ಸ್ ಗೆಟಿಂಗ್ ಕೋಲ್ಡ್' ಅನ್ನಲು ರಷ್ಯನ್‌ನಲ್ಲಿ 'ಖಲದಾಯೆತ್' ಅನ್ನುವ ಒಂದೇ ಪದ ಸಾಕು. ಬಸ್ ಹತ್ತುವುದಕ್ಕೆ 'ಕೂರು' ಅನ್ನುವ ಕ್ರಿಯಾಪದವನ್ನೇ ಬಳಸುತ್ತಾರೆ. ಹಾಗಾಗಿ ದಾರಿಯುದ್ದಕ್ಕೂ ನಿಂತೇ ಹೋದವರೂ 'ಐ ಸ್ಯಾಟ್ ಆನ್ ದ ಬಸ್' ಅನ್ನುತ್ತಾರೆ! ಮದುವೆಯದ್ದು ಇನ್ನೂ ಮಜಾ. ಗಂಡಸಿಗೆ 'ಝೆನೀತ್ಸಾ', ಹೆಂಗಸಿಗೆ 'ವೀಯ್ತಿ ಜಾಮುಷ್'. ಬಸ್ ಇಳಿಯುವುದಕ್ಕೂ ಅದೇ 'ವೀಯ್ತಿ'. ಇವೆಲ್ಲಕ್ಕೂ ಇಂಗ್ಲಿಷ್‌ನಲ್ಲಿ ಒಂದೇ 'ಗೆಟ್' ಅಂದರೆ ನಂಬುವುದೇ ಇಲ್ಲ.

ಪಟ್ಟಿ ಕೊಟ್ಟು ಸುಮ್ನೆ ಉರು ಹೊಡೆಸುವುದು ನನಗಿಷ್ಟವಿಲ್ಲ, ವಾರದಲ್ಲೇ ಮರೆತುಹೋಗುತ್ತದೆ. ರಷ್ಯಾದಲ್ಲಿ ಓದಿದವರು, ರಷ್ಯನ್ ಬಲ್ಲವರು ಯಾರಾದರೂ ಇದ್ದೀರಾ? ಯಾವ ಅರ್ಥದಿಂದ ಶುರು ಮಾಡಲಿ? ಚಿಕ್ಕ ಚಿಕ್ಕ ಸಂಭಾಷಣೆಗಳಿರುವ ವರ್ಕ್‌ಶೀಟ್ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. 'ಗೆಟ್ ಓವರ್', 'ಗೆಟ್ ಬೈ' ಎಲ್ಲ ಸದ್ಯಕ್ಕೆ ಬೇಡ.