ಸಹಾಯ ಬೇಕು: ಸೌರ ಫಲಕದ ಕೆಳಗಿನ ಬೆಳೆಯ ಇಳುವರಿ ಅಳೆಯುವ ನಿಯಮ ಹೇಗಿರಬೇಕು?

ಹೊಲದಲ್ಲಿ ಬೆಳೆಯೂ ಉಳಿಯಬೇಕು, ಸೌರ ವಿದ್ಯುತ್ತೂ ಬರಬೇಕು ಅನ್ನುವ ನೀತಿಗೆ ಕರಡು ಬರೆಯುತ್ತಿದ್ದೇವೆ. ಜಪಾನ್ 2013ರಲ್ಲಿ ಅನುಮತಿ ಕೊಟ್ಟಾಗ ಸುತ್ತಲಿನ ಸರಾಸರಿಗಿಂತ ಇಳುವರಿ ಶೇ. 20ಕ್ಕಿಂತ ಹೆಚ್ಚು ಇಳಿಯಬಾರದು ಎಂದಿತು. ಜರ್ಮನಿಯ 2021ರ ಡಿನ್ ಸ್ಪೆಕ್ 91434 ಎಂಬ ಮಾನದಂಡದ ಪ್ರಕಾರ ಫಲಕವಿಲ್ಲದಾಗಿನ ಇಳುವರಿಯ ಶೇ. 66 ಸಾಕು; ಫಲಕದ ಅಡಿಯಲ್ಲೇ ಬೆಳೆಯುವುದಾದರೆ 2.1 ಮೀಟರ್ ಎತ್ತರ ಬೇಕು.

ತೊಡಕಿರುವುದು ಅಳತೆಯಲ್ಲಿ. ಫಲಕದ ಕೆಳ ಅಂಚಿನಿಂದ ಮಳೆನೀರು ಒಂದೇ ಗೆರೆಯಲ್ಲಿ ಸುರಿದು ಮಣ್ಣು ಕೊರೆಯುತ್ತದೆ, ಎಳೆ ಸಸಿ ಬೇರು ಸಡಿಲವಾಗಿ ಮಲಗುತ್ತದೆ. ಫಲಕದ ನಡುವಿನಡಿ ಮಣ್ಣು ಒಣಗಿಯೇ ಇರುತ್ತದೆ. ಸಾಲುಗಳ ನಡುವೆ ಮಾತ್ರ ಒಂದು ಚದರ ಮೀಟರ್ ಕೊಯ್ದು ತೂಗಿದರೆ ಲೆಕ್ಕ ಉಬ್ಬುತ್ತದೆ. ಕಂಬದಿಂದ ಮುಂದಿನ ಸಾಲಿನ ಕಂಬದವರೆಗೆ ಅಡ್ಡಪಟ್ಟಿ ಕೊಯ್ಯುವುದೇ ಸರಿ ಎಂದು ನಮ್ಮ ಅಭಿಪ್ರಾಯ.

ಫಲಕವಿಲ್ಲದ ಹೋಲಿಕೆಯ ತಾಕಿಗೆ ಅದೇ ತಳಿ, ಅದೇ ಬಿತ್ತನೆ ದಿನ ಇರಬೇಕು, ನೆರಳೂ ತಾಗಬಾರದು. ಸೂರ್ಯ 15 ಡಿಗ್ರಿ ಎತ್ತರದಲ್ಲಿದ್ದಾಗ 3 ಮೀಟರ್ ಎತ್ತರದ ಫಲಕದ ನೆರಳು ಸುಮಾರು 11 ಮೀಟರ್ ಚಾಚುತ್ತದೆ. ಸಣ್ಣ ಹಿಡುವಳಿಯಲ್ಲಿ ಅಷ್ಟು ಜಾಗ ಎಲ್ಲಿದೆ?

ಹಾಗಾಗಿ ಕೇಳುವುದು: ಪ್ರತಿ ಹೊಲಕ್ಕೂ ಹೋಲಿಕೆಯ ತಾಕು ಕಡ್ಡಾಯ ಮಾಡಬೇಕೋ, ಪ್ರದೇಶದ ಸರಾಸರಿ ಸಾಕೋ? ಬರ ಬಿದ್ದ ವರ್ಷವನ್ನು ಸರಾಸರಿಯಿಂದ ಬಿಡಬೇಕೋ? ಇಂಥ ನಿಯಮ ಬರೆದವರು, ಇಳುವರಿ ತಪಾಸಣೆ ಮಾಡಿದವರು ಇದ್ದರೆ ನೀವು ಬಳಸಿದ ವಾಕ್ಯಗಳನ್ನೇ ಇಲ್ಲಿ ಹಾಕಿ, ದಯವಿಟ್ಟು.