ಕಂಪನಿಯಲ್ಲಿರುವ ಭೌತವಿಜ್ಞಾನಿಗೆ ಸಂಘದ ಸದಸ್ಯತ್ವ ಬೇಕಾ?

ನಿರ್ವಾತ:
ಲೆನ್ಸ್‌ಗಳಿಗೆ ತೆಳುಪದರ ಲೇಪಿಸುವ ಕಂಪನಿಯಲ್ಲಿದ್ದೇನೆ. ಓದಿದ್ದು ಫಿಸಿಕ್ಸ್, ಹುದ್ದೆ ಪ್ರೊಸೆಸ್ ಎಂಜಿನಿಯರ್. ತಂಡದಲ್ಲಿ ಫಿಸಿಕ್ಸ್ ಓದಿದವಳು ನಾನೊಬ್ಬಳೇ. ಭೌತವಿಜ್ಞಾನ ಸಂಘದ ಸದಸ್ಯತ್ವ ನವೀಕರಿಸಬೇಕಿದೆ. ಅವರು ಕಳಿಸುವುದೆಲ್ಲ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ), ಸಂಶೋಧನಾ ಅನುದಾನ, ಪ್ರೊಫೆಸರ್ ಹುದ್ದೆಗಳ ಸುದ್ದಿ. ನನ್ನಂಥವರಿಗೆ ಅಲ್ಲಿ ಏನಿದೆ? ದುಡ್ಡು ಕಟ್ಟಲಾ, ಬಿಡಲಾ?

ಲೇಸರ್ ಮಾಧವ:
ಬಿಟ್ಟುಬಿಡಿ. ಸಂದರ್ಶನದಲ್ಲಿ ಸದಸ್ಯತ್ವದ ವಿಷಯ ಯಾರೂ ಕೇಳುವುದಿಲ್ಲ. ಅದೇ ದುಡ್ಡಲ್ಲಿ ಪೈಥಾನ್ ಕಲಿಯಿರಿ, ಇಲ್ಲವೇ ಕಡಿಮೆ ಪ್ರಯೋಗಗಳಲ್ಲಿ ಜಾಸ್ತಿ ಮಾಹಿತಿ ಪಡೆಯುವ ಸಂಖ್ಯಾಶಾಸ್ತ್ರ ಕಲಿಯಿರಿ. ಎರಡೂ ಮರುದಿನವೇ ಕೆಲಸಕ್ಕೆ ಬರುತ್ತವೆ.

ತರಂಗಾಂತರ:
ಮಾಧವ ಅವರೇ, ಕೌಶಲದ ಮಾತು ಒಪ್ಪಿದೆ. ಆದರೆ ಇವರ ಕಷ್ಟ ಅದಲ್ಲ, ಒಂಟಿತನ. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು ಅಮೆರಿಕದ ಟೆಲಿಫೋನ್ ಕಂಪನಿಯೊಂದರ ಪ್ರಯೋಗಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ. ಪರಮಾಣುಗಳನ್ನು ಒಂದೊಂದಾಗಿ ತೋರಿಸುವ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ ಬಂದಿದ್ದು ಜ್ಯೂರಿಕ್ ಹತ್ತಿರದ ಐಬಿಎಂ ಪ್ರಯೋಗಾಲಯದಿಂದ. ಅದನ್ನು ಕಟ್ಟಿದ ಬಿನ್ನಿಗ್ ಮತ್ತು ರೋರರ್ ಅವರಿಗೆ 1986ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಕಂಪನಿಯ ಫಿಸಿಕ್ಸ್ ಎರಡನೇ ದರ್ಜೆಯದ್ದೇನಲ್ಲ. ಆದರೆ ಅಲ್ಲಿದ್ದವರಿಗೆ ಪಕ್ಕದ ಕೋಣೆಯಲ್ಲೇ ಇನ್ನೊಬ್ಬ ಭೌತವಿಜ್ಞಾನಿ ಸಿಗುತ್ತಿದ್ದರು. ನಿರ್ವಾತ ಅವರಿಗೆ ಯಾರಿದ್ದಾರೆ? ಅಮೆರಿಕನ್ ಫಿಸಿಕಲ್ ಸೊಸೈಟಿಯಲ್ಲಿ ಕೈಗಾರಿಕೆ ಮತ್ತು ಅನ್ವಯಿಕ ಭೌತವಿಜ್ಞಾನಕ್ಕೇ ಬೇರೆ ವೇದಿಕೆಯಿದೆ. ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ 'ಚಾರ್ಟರ್ಡ್ ಫಿಸಿಸಿಸ್ಟ್' ಮನ್ನಣೆ ಕೊಡುತ್ತದೆ. ಅದಕ್ಕೆ ಕೆಲಸದ ಅನುಭವ, ಹೊತ್ತ ಜವಾಬ್ದಾರಿ ಲೆಕ್ಕಕ್ಕೆ ಬರುತ್ತವೆ.

ಲೇಸರ್ ಮಾಧವ:
ಆ ಮನ್ನಣೆಗೆ ಬ್ರಿಟನ್ನಿನಲ್ಲಿ ಬೆಲೆ ಇರಬಹುದು. ಬೇರೆ ಕಡೆ ಎಚ್‌ಆರ್‌ನವರಿಗೆ ಅದೇನೆಂದೇ ಗೊತ್ತಿರುವುದಿಲ್ಲ. ಅಷ್ಟು ಮುಖ್ಯವಾದರೆ ಶುಲ್ಕವನ್ನು ಕಂಪನಿಯೇ ಕಟ್ಟಲಿ. ನಮ್ಮ ಜೇಬಿನಿಂದ ಯಾಕೆ?

ಹಳೇ ಕೈ:
ಕಂಪನಿ ಕಟ್ಟಬೇಕು, ಅದು ಸರಿ. ಕೇಳಿ ನೋಡಿ, ತರಬೇತಿಯ ಬಜೆಟ್ಟಿನಲ್ಲಿ ಎಷ್ಟೋ ಸಲ ಜಾಗ ಇರುತ್ತದೆ. ಸಂಘಗಳ ಮೇಲೆ ನನ್ನ ಸಿಟ್ಟು ಬೇರೆ. ಕಾಲೇಜಿನಿಂದ ಬಂದ ಹುಡುಗರಿಗೆ ಫಲಿತಾಂಶ ಸಿಕ್ಕ ಕೂಡಲೇ ಸಮ್ಮೇಳನದಲ್ಲಿ ಹೇಳುವ ಅಭ್ಯಾಸ. ಪೇಟೆಂಟ್ ಅರ್ಜಿ ಹಾಕುವ ಮೊದಲೇ ಹೇಳಿಬಿಟ್ಟರೆ ಯುರೋಪಿನಲ್ಲಿ ಅದು ಹೊಸದಾಗಿ ಉಳಿಯುವುದಿಲ್ಲ, ಪೇಟೆಂಟ್ ಕೈತಪ್ಪುತ್ತದೆ. ಅಮೆರಿಕದಲ್ಲಾದರೆ ಸಂಶೋಧಕರಿಗೆ ಒಂದು ವರ್ಷದ ರಿಯಾಯಿತಿ ಇದೆ. ಇದನ್ನು ಮೊದಲ ತಿಂಗಳಲ್ಲೇ ಕಲಿಸಬೇಕು, ಸಂಘಗಳೂ ಸೇರಿ ಕಲಿಸುವವರೇ ಇಲ್ಲ.

ಕ್ವಾಂಟಮ್ ಪುಟ್ಟಿ:
ಪಿಎಚ್‌ಡಿ ಮುಗಿಯುತ್ತಾ ಬಂತು, ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದೇನೆ. 'ಭೌತವಿಜ್ಞಾನಿ ಬೇಕಾಗಿದ್ದಾರೆ' ಅಂತ ಜಾಹೀರಾತೇ ಕಾಣುತ್ತಿಲ್ಲ. ರೆಸ್ಯೂಮೆಯಲ್ಲಿ ಏನು ಬರೆಯುವುದು?

ನಿರ್ವಾತ:
ಪುಟ್ಟಿ, ಹುದ್ದೆಯ ಹೆಸರಿನಿಂದ ಹುಡುಕಬೇಡಿ. ನಿಮಗೆ ಬರುವ ಕೆಲಸದಿಂದ ಹುಡುಕಿ: ಆಪ್ಟಿಕ್ಸ್, ವ್ಯಾಕ್ಯೂಮ್, ಸೆನ್ಸರ್, ಸಿಮ್ಯುಲೇಶನ್. ಇನ್ನು ರೆಸ್ಯೂಮೆ. ನಮ್ಮಲ್ಲಿ ಒಂದು ಬ್ಯಾಚಿನ ಲೆನ್ಸ್ ಹಸಿರಾಗಿ ಮಿಂಚಿದರೆ ಇನ್ನೊಂದು ನೇರಳೆಯಾಗಿ ಮಿಂಚುತ್ತಿತ್ತು. ಎಲ್ಲರೂ ಕಚ್ಚಾವಸ್ತುವಿನ ಮೇಲೆ ಅನುಮಾನಪಟ್ಟರು. ಮಿಂಚಿನ ಬಣ್ಣ ಪದರದ ದಪ್ಪದ ಮೇಲೆ ನಿಂತಿದೆ. ಆ ದಪ್ಪ ಅಳೆಯುವುದು ಕಂಪಿಸುತ್ತಿರುವ ಒಂದು ಕ್ವಾರ್ಟ್ಸ್ ಹರಳು. ಪದರ ಕೂತಂತೆ ಅದರ ಕಂಪನಾಂಕ ಇಳಿಯುತ್ತದೆ. ಆದರೆ ಬಿಸಿಯಾದರೂ ಕಂಪನಾಂಕ ಬದಲಾಗುತ್ತದೆ. ಹರಳನ್ನು ತಣ್ಣಗಿಡುವ ನೀರಿನ ಹರಿವು ಕುಗ್ಗಿತ್ತು. ದಪ್ಪ ತೋರಿಸುವ ಮಾನಿಟರ್ ಶಾಖವನ್ನೇ ದಪ್ಪ ಅಂತ ಓದುತ್ತಿತ್ತು. ನೀರಿನ ಪೈಪ್ ಸ್ವಚ್ಛ ಮಾಡಿದ ಮೇಲೆ ಬಣ್ಣ ಒಂದೇ ಬಂತು. 'ತೆಳುಪದರ ಅಧ್ಯಯನದಲ್ಲಿ ಪರಿಣತಿ' ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಏನು ಕೆಟ್ಟಿತ್ತು, ಕಾರಣ ಹೇಗೆ ಹಿಡಿದಿರಿ, ಆಮೇಲೆ ಏನಾಯಿತು, ಇಷ್ಟನ್ನು ಬರೆಯಿರಿ.

ತರಂಗಾಂತರ:
ಈ ಮಾತನ್ನು ಪುಟ್ಟಿಗೆ ಅವರ ಗೈಡ್ ಹೇಳಲಾರರು. ಗೈಡ್‌ಗಳಲ್ಲಿ ಹೆಚ್ಚಿನವರು ಕ್ಯಾಂಪಸ್ ಬಿಟ್ಟು ಹೊರಗೆ ಕೆಲಸ ಮಾಡಿದವರೇ ಅಲ್ಲ. ಸಂಘ ಮಾಡಬೇಕಾದ್ದು ಇದನ್ನೇ, ಕಂಪನಿಯಲ್ಲಿರುವವರನ್ನೂ ಹೊರಡುತ್ತಿರುವವರನ್ನೂ ಜೋಡಿಸುವುದು. ಅದು ನಡೆಯುವ ಸಂಘಕ್ಕೆ ನಾನಂತೂ ದುಡ್ಡು ಕಟ್ಟುತ್ತೇನೆ.

ಲೇಸರ್ ಮಾಧವ:
ಜೋಡಿಸುವುದಾದರೆ ನನ್ನ ತಕರಾರಿಲ್ಲ. ಪುಟ್ಟಿ, ರೆಸ್ಯೂಮೆ ಕಳಿಸಿ, ಲೇಸರ್ ಕಡೆಯ ಭಾಗ ನಾನು ನೋಡುತ್ತೇನೆ.

ನಿರ್ವಾತ:
ಹಾಗಾದರೆ ನಾಳೆ ಮ್ಯಾನೇಜರ್ ಹತ್ತಿರ ಶುಲ್ಕದ ವಿಷಯ ಎತ್ತುತ್ತೇನೆ. ಒಪ್ಪದಿದ್ದರೂ ಈ ವರ್ಷ ಕಟ್ಟುತ್ತೇನೆ, ಕೈಗಾರಿಕೆ ಗುಂಪಿಗೆ ಸೇರುತ್ತೇನೆ. ಲೇಪನದ ಕೆಲಸದಲ್ಲಿರುವವರು ಇಲ್ಲಿ ಇನ್ಯಾರಾದರೂ ಇದ್ದೀರಾ? ಕಂಪನಿಯ ಗುಟ್ಟು ಬಿಟ್ಟು ಬರೀ ಫಿಸಿಕ್ಸ್ ಮಾತಾಡೋಣ.